ಮೆರವಣಿಗೆಯೂ ಪಂಕ್ತಿಯೂ: ಬಸವ ಜಯಂತಿಯ ಸಾರ್ವಜನಿಕ ಆಚರಣೆ ಮತ್ತು ದಾಸೋಹ ಪರಂಪರೆ



ವೈಶಾಖ ಶುದ್ಧ ತದಿಗೆಯಂದು ಕುಂದಗೋಳ ಸೀಮೆಯ ಎರೆಹೊಲಗಳಲ್ಲಿ ನೇಗಿಲು ನಿಲ್ಲುತ್ತದೆ. ಮೆಣಸಿನಕಾಯಿ, ಹತ್ತಿ, ಶೇಂಗಾ ಬೆಳೆಯುವ ಈ ನೆಲದ ರೈತನು ಅಂದು ಎತ್ತುಗಳ ಹೆಗಲಿಗೆ ನೊಗವಿಡುವುದಿಲ್ಲ. ಅವುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಬೆನ್ನ ಮೇಲೆ ಝೂಲು ಹೊದಿಸಿ ಊರೊಳಗೆ ಮೆರೆಸುತ್ತಾನೆ. ಅದೇ ಬೀದಿಯಲ್ಲಿ, ಅದೇ ಹೊತ್ತಿಗೆ, ಮಹಾತ್ಮ ಬಸವೇಶ್ವರರ ಭಾವಚಿತ್ರವೂ ಭಜನಾ ಮೇಳದೊಡನೆ ಸಾಗುತ್ತದೆ. ಎತ್ತು ಯಾವುದು, ಅಣ್ಣನವರು ಯಾರು ಎಂಬ ಭೇದವನ್ನು ಹಳ್ಳಿಯ ಮುಗ್ಧ ಭಕ್ತನು ಮಾಡದೆ ಹೋದುದುಂಟು. ಪುರಾಣಗಳು ಬಸವಣ್ಣನವರನ್ನು ನಂದಿಯ ಅವತಾರವೆಂದು ಕಂಡುದರ ಫಲವಿದು. ಕೆಲವು ವಿದ್ಯಾವಂತರು ಇದನ್ನು ನೋಡಿ ನಗುತ್ತಾರೆ. ಆದರೆ ವರ್ಷವಿಡೀ ದುಡಿದ ಜೀವಕ್ಕೆ ಒಂದು ದಿನ ಕೈಯಾರೆ ಸೇವೆ ಸಲ್ಲಿಸುವ ಈ ರೂಢಿಯಲ್ಲಿ, ಕಾಯಕ ಮಾಡುವವನಿಗೆ ಗೌರವ ಸಲ್ಲಬೇಕೆಂಬ ಶರಣರ ನಿಲುವಿನ ಒಂದು ಎಳೆ ಉಳಿದಿದೆ ಎನ್ನಬೇಕಾಗುತ್ತದೆ. ನಗುವ ಮೊದಲು ಅದನ್ನು ನೋಡುವುದು ಒಳ್ಳೆಯದು.

ಆದರೆ ಭಾವಚಿತ್ರದ ಮೆರವಣಿಗೆ, ಉಪನ್ಯಾಸ, ಸಾಮೂಹಿಕ ಪ್ರಸಾದಗಳನ್ನು ಒಳಗೊಂಡ ಬಸವ ಜಯಂತಿಯ ಇಂದಿನ ರೂಪವು ಅನಾದಿಯಿಂದ ಬಂದುದಲ್ಲ. ಅದಕ್ಕೆ ಒಂದು ಇಸವಿಯಿದೆ, ಒಂದು ಊರಿದೆ, ಅದನ್ನು ಆರಂಭಿಸಿದವರ ಹೆಸರಿದೆ.

ಆ ಇಸವಿ 1913. ಊರು ದಾವಣಗೆರೆ. ಅಲ್ಲಿಯ ವಿರಕ್ತಮಠದಲ್ಲಿ ಶ್ರೀ ಮೃತ್ಯುಂಜಯ ಸ್ವಾಮಿಗಳವರ ಆಶ್ರಯದಲ್ಲಿ ಹರ್ಡೇಕರ ಮಂಜಪ್ಪನವರು ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಿದರು. ಮಂಜಪ್ಪನವರು 1886ರಲ್ಲಿ ಬನವಾಸಿಯಲ್ಲಿ ಜನಿಸಿದವರು. ಕಡುಬಡತನದಲ್ಲಿ ಬೆಳೆದು, ಶಾಲಾ ಶಿಕ್ಷಕರಾಗಿ, ಬಂಗಾಳ ವಿಭಜನೆಯ ತರುವಾಯ ದೇಶದಲ್ಲೆಲ್ಲ ಹಬ್ಬಿದ ಸ್ವದೇಶಿ ಚಳವಳಿಯ ಪ್ರಭಾವಕ್ಕೊಳಗಾಗಿ ಆ ಕೆಲಸವನ್ನು ಬಿಟ್ಟರು. 1906ರಲ್ಲಿ ದಾವಣಗೆರೆಯಿಂದ 'ಧನುರ್ಧಾರಿ' ಪತ್ರಿಕೆಯನ್ನು ಹೊರಡಿಸಿದರು. ಆಜನ್ಮ ಬ್ರಹ್ಮಚರ್ಯವನ್ನೂ ಸರಳ ಜೀವನವನ್ನೂ ಕೈಕೊಂಡ ಈ ಮಹನೀಯರನ್ನು ಮುಂದೆ ನಾಡು 'ಕರ್ನಾಟಕದ ಗಾಂಧಿ' ಎಂದು ಕರೆಯಿತು. ಕುಂದಗೋಳದ ನಿಲ್ದಾಣದ ಮೇಲೆ ಹಾದುಹೋಗುವ ಹುಬ್ಬಳ್ಳಿ–ಹರಿಹರ ರೈಲುಹಾದಿಯೇ ಮುಂದೆ ದಾವಣಗೆರೆಯನ್ನು ಮುಟ್ಟುತ್ತದೆ. ಕುಂದಗೋಳ ಆಗ ಜಮಖಂಡಿ ಸಂಸ್ಥಾನದಲ್ಲಿತ್ತು, ದಾವಣಗೆರೆ ಮೈಸೂರು ಸಂಸ್ಥಾನದಲ್ಲಿತ್ತು, ನಡುವಿನ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಮೂರು ಆಡಳಿತಗಳಲ್ಲಿ ಹಂಚಿಹೋದ ಕನ್ನಡಿಗರಿಗೆ ಒಂದೇ ದಿನ ಒಬ್ಬನೇ ಮಹಾಪುರುಷನನ್ನು ನೆನೆಯುವ ಅವಕಾಶವನ್ನು ಈ ಆಚರಣೆ ಕಲ್ಪಿಸಿತು. ಕುಂದಗೋಳವು 1948ರಲ್ಲಿ ಸಂಸ್ಥಾನ ವಿಲೀನವಾದ ಮೇಲಷ್ಟೇ ಧಾರವಾಡ ಜಿಲ್ಲೆಯ ಭಾಗವಾಯಿತು ಎಂಬುದನ್ನು ಇಂದಿನ ಪೀಳಿಗೆ ಮರೆತಂತಿದೆ.

ಹರ್ಡೇಕರರಿಗೆ ಮಾದರಿ ಹತ್ತಿರದಲ್ಲಿಯೇ ಇತ್ತು. 1890ರ ದಶಕದಲ್ಲಿ ಲೋಕಮಾನ್ಯ ತಿಲಕರು ಗಣೇಶೋತ್ಸವವನ್ನೂ ಶಿವಾಜಿ ಉತ್ಸವವನ್ನೂ ಮನೆಯಂಗಳದಿಂದ ಬೀದಿಗೆ ತಂದಿದ್ದರು. ದಾವಣಗೆರೆಯಲ್ಲಿ ಮಂಜಪ್ಪನವರೇ ಮೊದಲು ಗಣೇಶೋತ್ಸವ ನಡೆಸಿದವರು. ಆದರೆ ಬಸವ ಜಯಂತಿಯನ್ನು ಕೇವಲ ಅನುಕರಣೆಯೆನ್ನುವುದು ಸಲ್ಲದು. ಉತ್ಸವದಲ್ಲಿ ಪೂಜಿಸಲು ಮೂರ್ತಿ ಬೇಕು, ಜಯಂತಿಯಲ್ಲಿ ತಿಳಿದುಕೊಳ್ಳಲು ಚರಿತ್ರೆ ಬೇಕು. ಆ ಕಾಲದ ಲಿಂಗಾಯತ ಸಮಾಜಕ್ಕೆ ಬಸವಣ್ಣನವರು ಬಹುಮಟ್ಟಿಗೆ ಪವಾಡಪುರುಷರಾಗಿ ಪುರಾಣದ ಪ್ರವಚನಗಳಲ್ಲಿ ಮಾತ್ರ ಪರಿಚಿತರಾಗಿದ್ದರು. ವಚನಗಳು ಓಲೆಗರಿಯ ಕಟ್ಟುಗಳಲ್ಲಿ ಮಠ-ಮನೆಗಳ ಅಟ್ಟ ಸೇರಿದ್ದವು. ಧಾರವಾಡದಲ್ಲಿ ಹುಟ್ಟಿ ವಿಜಾಪುರದಲ್ಲಿ ನೆಲೆಸಿದ ಡಾ. ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚಾಗಿ ಹೊರಬಂದುದು 1923ರಲ್ಲಿ, ಎಂದರೆ ಮೊದಲ ಜಯಂತಿ ನಡೆದು ಹತ್ತು ವರ್ಷಗಳಾದ ಮೇಲೆ. ವಚನಗಳು ಜನರ ಕೈಗೆ ಸೇರುವ ಮೊದಲೇ ಅವುಗಳ ಕರ್ತೃವಿನ ಹೆಸರು ಬೀದಿಗೆ ಬಂದಿತು. ಮೆರವಣಿಗೆಯಲ್ಲಿ ನಡೆದವರೇ ಆಮೇಲೆ ಹಳಕಟ್ಟಿಯವರ ಗ್ರಂಥಗಳ ಓದುಗರಾದರು.

ಇಷ್ಟಕ್ಕೂ ಜಯಂತಿಯಲ್ಲಿ ನೆನೆಯುವುದು ಯಾವುದನ್ನು? ಇಂದಿನ ಪರಿಭಾಷೆಯಲ್ಲಿ ನಾಗರಿಕ ಹಕ್ಕುಗಳೆನಿಸುವ ಅನೇಕ ಸಂಗತಿಗಳನ್ನು ಶರಣರು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಚರಣೆಗೆ ತರಲು ಯತ್ನಿಸಿದರು. ದೇವರ ಬಳಿ ಸಾರಲು ದೇಗುಲದ ಬಾಗಿಲನ್ನು ಯಾರೂ ತೆರೆಯಬೇಕಾಗಿಲ್ಲವೆಂದು ಇಷ್ಟಲಿಂಗವನ್ನು ಅಂಗೈಗೆ ತಂದರು. ಹೆಣ್ಣುಮಕ್ಕಳೂ ಅಂತ್ಯಜರೂ ಅನುಭಾವದ ಮಾತನ್ನು ತಮ್ಮದೇ ಅಂಕಿತದಲ್ಲಿ ನುಡಿದರು. ಸಮಗಾರ ಹರಳಯ್ಯನವರ ಮನೆಗೂ ಬ್ರಾಹ್ಮಣ ಮೂಲದ ಮಧುವರಸರ ಮನೆಗೂ ನಡೆದ ಸಂಬಂಧವನ್ನು ಸಹಿಸದ ವ್ಯವಸ್ಥೆಯು ಆ ಇಬ್ಬರು ಹಿರಿಯರನ್ನು ಎಳೆಹೂಟೆಗೆ ಗುರಿಪಡಿಸಿತೆಂದು ಶರಣ ಪರಂಪರೆ ನೆನೆಯುತ್ತದೆ. ಮದುವೆಯ ಹಕ್ಕಿಗಾಗಿ ಪ್ರಾಣ ತೆತ್ತವರ ಕಥೆಯಿದು. ಇದನ್ನು ನೆನೆಯುವ ದಿನವು ಬರಿಯ ಸಂಭ್ರಮದ ದಿನವಾಗುವುದು ಹೇಗೆ ಸಾಧ್ಯ?

ಇಲ್ಲಿ ದಾಸೋಹದ ವಿಚಾರ ಬರುತ್ತದೆ. ಸ್ವಯಂಸೇವೆಯೆಂದು ಇಂದು ಕರೆಯುವುದಕ್ಕೆ ಶರಣರ ಶಬ್ದ ದಾಸೋಹ. ಆದರೆ ಎರಡೂ ಒಂದೇ ಅಲ್ಲ. ಸ್ವಯಂಸೇವೆಯನ್ನು ಬಿಡುವಿನ ವೇಳೆಯಲ್ಲಿ ಮಾಡಬಹುದು, ದಾನವನ್ನು ಹೆಚ್ಚಾದುದರಲ್ಲಿ ಕೊಡಬಹುದು. ದಾಸೋಹವು ಮಾತ್ರ ಸ್ವಂತ ಕಾಯಕದ ಫಲದಿಂದಲೇ ಹುಟ್ಟಬೇಕು. ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ದಂಪತಿಗಳ ವೃತ್ತಾಂತವನ್ನು ಸದ್ಭಕ್ತರೆಲ್ಲರೂ ಬಲ್ಲರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಒಲೆಗೆ ಏರಿಸದೆ, ಹೆಚ್ಚಿನದು ನಮಗೆ ಸಲ್ಲದು, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಮರಳಿ ಕಳುಹಿದರು. ಬಡತನದಲ್ಲಿದ್ದ ಒಬ್ಬ ಹೆಣ್ಣುಮಗಳು ಮಂತ್ರಿಯ ಮನೆಯ ಅಕ್ಕಿಯನ್ನು ತಿರುಗಿ ಕಳುಹಿಸಿದ ಈ ಪ್ರಸಂಗದ ಮುಂದೆ, ದಾನಿಗಳ ಹೆಸರನ್ನು ಗೋಡೆಗೋಡೆಗೆ ಕೆತ್ತಿಸುವ ಇಂದಿನ ಪದ್ಧತಿ ಸಣ್ಣದಾಗಿ ಕಾಣುತ್ತದೆ.

ಕುಂದಗೋಳ ತಾಲ್ಲೂಕಿಗೆ ಈ ವಿಚಾರದಲ್ಲಿ ತನ್ನದೇ ಆದ ಪರಂಪರೆಯೂ ಇದೆ. ಕಳಸ ಗ್ರಾಮವು ಇದೇ ತಾಲ್ಲೂಕಿನದು. ಅಲ್ಲಿಯ ಗುರು ಗೋವಿಂದಭಟ್ಟರು ಶಿಶುನಾಳದ ಶರೀಫರನ್ನು ಶಿಷ್ಯರಾಗಿ ಸ್ವೀಕರಿಸಿದರು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಭಟ್ಟರು ಶರೀಫರ ಕೊರಳಿಗೆ ಜನಿವಾರ ಹಾಕಿದರೆಂದೂ, ಸ್ವಜಾತಿಯವರ ಆಕ್ಷೇಪಣೆಗೆ ಕಿವಿಗೊಡದೆ ಅವರನ್ನು ಮಗನಂತೆ ಕಂಡರೆಂದೂ ಈ ಭಾಗದ ಜನ ಇಂದಿಗೂ ಹೇಳುತ್ತಾರೆ. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ಬಯಲಾದವರು. ಎಂದರೆ ಹರ್ಡೇಕರರು ಭಾವಚಿತ್ರವನ್ನು ಬೀದಿಗೆ ತರುವ ಬಹಳ ಮೊದಲೇ ಕಳಸದ ಒಂದು ಮನೆಯಲ್ಲಿ, ಯಾವ ಮೆರವಣಿಗೆಯೂ ಇಲ್ಲದೆ, ಶರಣರು ಬಯಸಿದ ಒಂದು ಸಂಗತಿ ನಡೆದುಹೋಗಿತ್ತು.

ಪಂಕ್ತಿಯ ಪ್ರಶ್ನೆ ಇಷ್ಟು ಸುಲಭವಾಗಿ ಎಲ್ಲ ಕಡೆಯೂ ಬಗೆಹರಿಯಲಿಲ್ಲ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾದ ಏಕೈಕ ಅಧಿವೇಶನವದು. ಅದರ ಹಿಂದಿನ ವರ್ಷ ಕಾಕಿನಾಡದಲ್ಲಿ ಹುಟ್ಟಿದ ಹಿಂದುಸ್ತಾನಿ ಸೇವಾದಳದ ಸಂಸ್ಥಾಪಕರು ಧಾರವಾಡ ಜಿಲ್ಲೆಯವರೇ ಆದ ಡಾ. ನಾ. ಸು. ಹರ್ಡೀಕರರು. ಅಮೆರಿಕಾದಲ್ಲಿ ವ್ಯಾಸಂಗ ಮಾಡಿ ಬಂದ ಈ ವೈದ್ಯರು ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ತರುಣರಿಗೆ ಶಿಸ್ತಿನ ಸೇವೆಯ ತರಬೇತಿ ನೀಡಿದರು. ಹರ್ಡೇಕರ, ಹರ್ಡೀಕರ ಎಂಬ ಎರಡು ಹೆಸರುಗಳು ಎಷ್ಟೋ ಲೇಖನಗಳಲ್ಲಿ ಅದಲುಬದಲಾಗಿವೆ. ಒಬ್ಬರು ಬಸವ ಜಯಂತಿಯವರು, ಇನ್ನೊಬ್ಬರು ಸೇವಾದಳದವರು. ಬೆಳಗಾವಿಯಲ್ಲಿ ನೀರು, ನೈರ್ಮಲ್ಯ, ಊಟ, ಕಾವಲು ಎಲ್ಲವೂ ಸ್ವಯಂಸೇವಕರ ಹೆಗಲಿಗೆ ಬಿದ್ದಿದ್ದವು. ಅಸ್ಪೃಶ್ಯತೆಯನ್ನು ನಾಡಿನಿಂದ ತೊಡೆಯಬೇಕೆಂಬ ಮಾತು ಅಧ್ಯಕ್ಷಪೀಠದಿಂದಲೇ ಕೇಳಿಬಂದಿತು.

ಆ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಹನ್ನೊಂದು ವರ್ಷದ ಒಬ್ಬಳಿದ್ದಳು. ಮೊದಲ ಬಸವ ಜಯಂತಿ ನಡೆದ 1913ರಲ್ಲಿಯೇ ಧಾರವಾಡದಲ್ಲಿ ಹುಟ್ಟಿದವಳು. ಹಾಡು ಮುಗಿದ ಮೇಲೆ ಆ ಹುಡುಗಿಯ ಮನಸ್ಸಿನಲ್ಲಿದ್ದುದು ಗಾಂಧೀಜಿಯವರನ್ನು ಕಂಡ ಸಂತೋಷವೊಂದೇ ಅಲ್ಲ. ಊಟದ ಹೊತ್ತಿಗೆ ತನ್ನನ್ನು ಎಲ್ಲಿ ಬೇರೆ ಕೂರಿಸುವರೋ, ಉಂಡೆದ್ದವರ ಎಂಜಲೆಲೆಗಳನ್ನು ಎತ್ತಲು ಎಲ್ಲಿ ಹೇಳುವರೋ ಎಂಬ ಅಂಜಿಕೆ. ದೇವದಾಸಿ ಪರಂಪರೆಯ ಹಾಡುವ ಮನೆತನದಲ್ಲಿ ಹುಟ್ಟಿ, ಸುತ್ತಲಿನ ಮೇಲ್ಜಾತಿಯ ಮನೆಗಳಿಂದ ಅವಮಾನ ಉಂಡಿದ್ದ ಮಗುವಿಗೆ ಆ ಅಂಜಿಕೆ ಸಹಜವಾಗಿತ್ತು. ಈ ಮಾತನ್ನು ಆಕೆ ಎಷ್ಟೋ ವರ್ಷಗಳ ತರುವಾಯವೂ ನೆನಪಿಸಿಕೊಂಡಿದ್ದಾರೆ. ಆಕೆಯೇ ಮುಂದೆ ಹಿಂದುಸ್ತಾನಿ ಸಂಗೀತದ ಮೇರು ಎನಿಸಿದ ಡಾ. ಗಂಗೂಬಾಯಿ ಹಾನಗಲ್ಲರು.

ಗಂಗೂಬಾಯಿಯವರ ಗುರುಗಳು ಕುಂದಗೋಳದ ರಾಮಭಾವು, ಎಂದರೆ ಸವಾಯಿ ಗಂಧರ್ವರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು, ಪಾಠ ಮುಗಿಸಿ ಮತ್ತೆ ರೈಲು ಹಿಡಿದು ಮರಳುವ ಅಭ್ಯಾಸವನ್ನು ಅವರು ವರ್ಷಗಟ್ಟಲೆ ನಡೆಸಿದರು. ನಿಲ್ದಾಣದಿಂದ ಗುರುವಿನ ಮನೆಯವರೆಗಿನ ಹಾದಿಯಲ್ಲಿ ಹಾಡುವವಳೆಂಬ ತಾತ್ಸಾರದ ಮಾತು ಕಿವಿಗೆ ಬಿದ್ದರೂ ನಡೆದರು. ಇಂದು ಕುಂದಗೋಳದಲ್ಲಿ ಸವಾಯಿ ಗಂಧರ್ವರ ಸ್ಮರಣೆಯ ಸಂಗೀತೋತ್ಸವಕ್ಕೆ ಬರುವ ರಸಿಕರಲ್ಲಿ ಎಷ್ಟು ಜನ ಆ ಹಾದಿಯನ್ನು ನೆನೆಯುತ್ತಾರೆಯೋ ತಿಳಿಯದು. ಬಸವ ಜಯಂತಿಯ ಇತಿಹಾಸಕ್ಕೂ ಸಂಗೀತಗಾರ್ತಿಯ ಬಾಲ್ಯಕ್ಕೂ ಏನು ಸಂಬಂಧವೆಂದು ಕೇಳಬಹುದು. ಮೆರವಣಿಗೆಯಲ್ಲಿ ಎಲ್ಲರೂ ಒಟ್ಟಿಗೆ ನಡೆಯುವುದು ಸುಲಭ, ಪಂಕ್ತಿಯಲ್ಲಿ ಒಟ್ಟಿಗೆ ಕೂರುವುದು ಕಷ್ಟ ಎಂಬುದು ಆ ಹನ್ನೊಂದರ ಬಾಲೆಗೆ ಗೊತ್ತಿತ್ತು, ಅಷ್ಟೇ.

ಮಠಗಳೂ ಸಮಾಜದ ಸಂಸ್ಥೆಗಳೂ ಈ ಕಾಲದಲ್ಲಿ ಸುಮ್ಮನಿರಲಿಲ್ಲ. 1883ರಲ್ಲಿ ಧಾರವಾಡದಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಮೊದಲಾದವರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿತು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯವು ಹಳ್ಳಿಗಳಿಂದ ಬಂದ ಸಾವಿರಾರು ಬಡ ಹುಡುಗರಿಗೆ ಅನ್ನವಿಕ್ಕಿ ಓದಿಸಿತು. ಕಂತೆ ಭಿಕ್ಷೆಯ ಜೋಳದಿಂದ ನಡೆದ ಇಂಥ ನಿಲಯಗಳ ಋಣದಲ್ಲಿ ಉತ್ತರ ಕರ್ನಾಟಕದ ಎರಡು ತಲೆಮಾರಿನ ಶಿಕ್ಷಕರು, ವಕೀಲರು, ಅಧಿಕಾರಿಗಳು ಇದ್ದಾರೆ. ಹರ್ಡೇಕರರೂ 1927ರಲ್ಲಿ ಆಲಮಟ್ಟಿಯಲ್ಲಿ ಆಶ್ರಮ ವಿದ್ಯಾಲಯವನ್ನು ಸ್ಥಾಪಿಸಿ, ತಾವು ಆರಂಭಿಸಿದ ಜಯಂತಿಯ ಗದ್ದಲದಿಂದ ದೂರ ಸರಿದು, 1947ರಲ್ಲಿ ಲಿಂಗೈಕ್ಯರಾಗುವವರೆಗೆ ಮಕ್ಕಳಿಗೆ ಉದ್ಯೋಗವನ್ನೂ ಓದನ್ನೂ ಕಲಿಸುತ್ತ ಉಳಿದರು. ಉತ್ಸವವನ್ನು ಹುಟ್ಟಿಸಿದವರು ಕೊನೆಗೆ ಆರಿಸಿಕೊಂಡುದು ಶಾಲೆಯನ್ನು.

ಇದೇ ಬಗೆಯ ತಿರುವು ಸಪ್ತಸಾಗರದಾಚೆಯ ಒಂದು ಜಯಂತಿಯ ಇತಿಹಾಸದಲ್ಲಿಯೂ ಕಾಣುತ್ತದೆ. ಅಮೆರಿಕಾದ ಕರಿಯ ಜನಾಂಗದ ನಾಗರಿಕ ಹಕ್ಕುಗಳಿಗಾಗಿ ಅಹಿಂಸಾತ್ಮಕವಾಗಿ ಹೋರಾಡಿದ ಡಾ. ಮಾರ್ಟಿನ್ ಲೂಥರ್ ಕಿಂಗ್ ಅವರು 1929ರಲ್ಲಿ ಜನಿಸಿ 1968ರ ಏಪ್ರಿಲ್ 4ರಂದು ಮೆಂಫಿಸ್ ನಗರದಲ್ಲಿ ಹಂತಕನ ಗುಂಡಿಗೆ ಬಲಿಯಾದರು. ಅವರು ಅಲ್ಲಿಗೆ ಹೋದುದು ಮುಷ್ಕರ ಹೂಡಿದ್ದ ನಗರದ ಕಸ ಎತ್ತುವ ಕಾರ್ಮಿಕರಿಗೆ ಬೆಂಬಲವಾಗಿ. ಕಸ ಎತ್ತುವವನ ಕಾಯಕಕ್ಕೂ ಮರ್ಯಾದೆಯಿದೆ ಎಂಬುದೇ ಅವರ ಕೊನೆಯ ಹೋರಾಟದ ತಿರುಳು. ಅವರ ಜನ್ಮದಿನವನ್ನು ರಾಷ್ಟ್ರೀಯ ರಜೆಯನ್ನಾಗಿಸುವ ಕಾಯಿದೆಗೆ 1983ರಲ್ಲಿ ಅಂಕಿತ ಬಿದ್ದು, 1986ರಿಂದ ಜನವರಿಯ ಮೂರನೆಯ ಸೋಮವಾರ ಆ ರಜೆ ಜಾರಿಗೆ ಬಂದಿತು. ಮೆರವಣಿಗೆಗಳು, ಸಭೆಗಳು ನಡೆದವು. ಆದರೆ ಹೋರಾಟಗಾರನ ನೆನಪಿನ ದಿನ ವಿಶ್ರಾಂತಿಯ ದಿನವಾಗಬಾರದೆಂಬ ವಿಚಾರ ಮೂಡಿ, 1994ರಲ್ಲಿ ಮತ್ತೊಂದು ಕಾಯಿದೆಯ ಮೂಲಕ ಅದನ್ನು ಸೇವಾ ದಿನವನ್ನಾಗಿ ರೂಪಿಸಿದರು. ಅಂದಿನಿಂದ ಅಲ್ಲಿಯ ಜನ ಆ ದಿನ ಶಾಲೆಗಳಿಗೆ ಬಣ್ಣ ಬಳಿಯುತ್ತಾರೆ, ಹಸಿದವರಿಗೆ ಅನ್ನ ನೀಡುವ ಮನೆಗಳಲ್ಲಿ ಬಡಿಸುತ್ತಾರೆ, ಉದ್ಯಾನಗಳನ್ನು ಗುಡಿಸುತ್ತಾರೆ. ಅಲ್ಲಿ ನೆಲೆಸಿ ವರ್ಷವರ್ಷವೂ ಬಸವ ಜಯಂತಿಯನ್ನು ಆಚರಿಸುವ ಕನ್ನಡದ ಲಿಂಗಾಯತ ಕುಟುಂಬಗಳ ಮಕ್ಕಳು ಈ ಎರಡು ದಿನಗಳನ್ನೂ ತಮ್ಮವೆಂದೇ ತಿಳಿದು ಬೆಳೆಯುತ್ತಿದ್ದಾರೆ.

ಕಿಂಗ್ ಅವರು 1959ರಲ್ಲಿ ಒಂದು ತಿಂಗಳ ಕಾಲ ಭಾರತದಲ್ಲಿ ಸಂಚರಿಸಿದರು. ಕೇರಳದ ಒಂದು ಶಾಲೆಯಲ್ಲಿ, ಅಸ್ಪೃಶ್ಯರೆನಿಸಿದ್ದ ಕುಟುಂಬಗಳ ಮಕ್ಕಳ ಮುಂದೆ, ಅಲ್ಲಿಯ ಮುಖ್ಯೋಪಾಧ್ಯಾಯರು ಇವರನ್ನು ಅಮೆರಿಕಾದಿಂದ ಬಂದ ಒಬ್ಬ ಅಸ್ಪೃಶ್ಯ ಬಂಧುವೆಂದು ಪರಿಚಯಿಸಿದರಂತೆ. ಮೊದಲು ಅವರಿಗೆ ಬೇಸರವಾಯಿತು. ಆಮೇಲೆ ಯೋಚಿಸಿದಾಗ ಆ ಮಾತು ಸತ್ಯವೆಂದು ತೋರಿತು. 1965ರ ಪ್ರವಚನವೊಂದರಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಉಚ್ಚ ಕುಲವನ್ನು ತೊರೆದು ಮಾದಾರ ಚೆನ್ನಯ್ಯನವರ ಮನೆಯ ಮಗನೆಂದು ತಮ್ಮನ್ನು ಕರೆದುಕೊಂಡ ಅಣ್ಣ ಬಸವಣ್ಣನವರ ನೆನಪು ಇಲ್ಲಿ ತಾನಾಗಿ ಬರುತ್ತದೆ. ಇಬ್ಬರ ಸ್ಥಿತಿ ಒಂದೇ ಅಲ್ಲ: ಒಬ್ಬರು ಮೇಲಿನಿಂದ ಇಳಿದು ಬಂದವರು, ಇನ್ನೊಬ್ಬರು ಕೆಳಗೆ ತಳ್ಳಲ್ಪಟ್ಟವರು. ಆದರೂ ಇಬ್ಬರೂ ಬಂದು ನಿಂತ ಪಂಕ್ತಿ ಒಂದೇ. ಸಾಯುವ ಎರಡು ತಿಂಗಳ ಮೊದಲು ಕಿಂಗ್ ಅವರು ನೀಡಿದ ಒಂದು ಪ್ರವಚನದ ವಿಷಯ ಮೆರವಣಿಗೆಯೇ ಆಗಿತ್ತು. ವಾದ್ಯಮೇಳದ ಎಲ್ಲರಿಗಿಂತ ಮುಂದೆ ನಡೆಯಬೇಕೆಂಬ ಆಸೆ ಮನುಷ್ಯನಲ್ಲಿ ಸಹಜವಾಗಿದೆ, ಅದನ್ನು ಸೇವೆಯಲ್ಲಿ ಮುಂದೆ ನಿಲ್ಲುವ ಆಸೆಯಾಗಿ ತಿರುಗಿಸಬೇಕು ಎಂಬುದು ಅದರ ಸಾರ.

ಈ ಎರಡು ನಾಡುಗಳ ದಿನಗಳು ಒಮ್ಮೆ ಒಟ್ಟಿಗೆ ಬಂದವು. ಜಾತಿಮತ ನೋಡದೆ ಸುಮಾರು ಹತ್ತು ಸಾವಿರ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡಿದ ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದುದು 2019ರ ಜನವರಿ 21, ಸೋಮವಾರ. ಅಮೆರಿಕಾದಲ್ಲಿ ಅಂದು ಕಿಂಗ್ ಸ್ಮರಣೆಯ ಸೇವಾ ದಿನ. ಇದು ಕಾಕತಾಳೀಯವೇ ಹೊರತು ಅದರಲ್ಲಿ ಪವಾಡವನ್ನು ಹುಡುಕಬೇಕಾಗಿಲ್ಲ. 2021ರಲ್ಲಿ ಕರ್ನಾಟಕ ಸರ್ಕಾರವು ಜನವರಿ 21ನ್ನು 'ದಾಸೋಹ ದಿನ'ವೆಂದು ಆಚರಿಸುವುದಾಗಿ ಪ್ರಕಟಿಸಿತು. ಶರಣರ ಒಂದು ಪಾರಿಭಾಷಿಕ ಶಬ್ದವು ಸರ್ಕಾರದ ದಿನಸೂಚಿಯನ್ನು ಸೇರಿತು. ಮರುದಿನ ಬೆಳಗ್ಗೆ ಸಿದ್ಧಗಂಗೆಯ ಅಡುಗೆಮನೆಯಲ್ಲಿ ಹೊತ್ತುವ ಒಲೆಗೆ ಮಾತ್ರ ದಿನಸೂಚಿಯ ಅಗತ್ಯ ಎಂದೂ ಇರಲಿಲ್ಲ.

ಬಸವಣ್ಣನವರಿಗೆ ಈಚಿನ ವರ್ಷಗಳಲ್ಲಿ ಗೌರವಗಳು ಹೆಚ್ಚಿವೆ. 2003ರಲ್ಲಿ ಸಂಸತ್ ಭವನದ ಆವರಣದಲ್ಲಿ ಪ್ರತಿಮೆ ನಿಂತಿತು, 2015ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಪುತ್ಥಳಿ ಅನಾವರಣಗೊಂಡಿತು, 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಸಂತೋಷದ ಸಂಗತಿಗಳೇ. ಆದರೆ ನಿಂತದ್ದು ಅಳಿಯುತ್ತದೆ, ಚಲಿಸುವುದು ಉಳಿಯುತ್ತದೆ ಎಂದು ವಿವೇಚಿಸಿದ ಮಹಾನುಭಾವರ ಪ್ರತಿಮೆಗಳ ಎಣಿಕೆಯಿಂದಲೇ ಭಕ್ತಿಯನ್ನು ಅಳೆಯುವುದು ವಿಚಿತ್ರ.

ಏಪ್ರಿಲ್ 14ರಂದು ಡಾ. ಬಾಬಾಸಾಹೇಬ ಅಂಬೇಡ್ಕರರ ಜಯಂತಿ; ಅದರ ಬೆನ್ನಿಗೆ, ಕೆಲವೊಮ್ಮೆ ಎರಡೇ ವಾರಗಳ ಅಂತರದಲ್ಲಿ, ಬಸವ ಜಯಂತಿ. ತಾಲ್ಲೂಕು ಕಚೇರಿಗಳಲ್ಲಿ ಎರಡೂ ನಡೆಯುತ್ತವೆ, ಎರಡಕ್ಕೂ ಅದೇ ವೇದಿಕೆ, ಅದೇ ಕುರ್ಚಿಗಳು. ಕುಡಿಯುವ ನೀರಿನ ಹಕ್ಕಿಗಾಗಿ 1927ರಲ್ಲಿ ಮಹಾಡಿನ ಕೆರೆಗೆ ಇಳಿದವರ ಜಯಂತಿಗೂ, ಮಹಾಮನೆಯ ಪಂಕ್ತಿಯನ್ನು ಎಲ್ಲರಿಗೂ ತೆರೆದವರ ಜಯಂತಿಗೂ ವಿಷಯದಲ್ಲಿ ಅಂತರವಿಲ್ಲ. ಆದರೆ ಹಳ್ಳಿಗಳಲ್ಲಿ ಒಂದರ ಮೆರವಣಿಗೆ ಒಂದು ಓಣಿಯಿಂದ ಹೊರಟರೆ ಇನ್ನೊಂದರದು ಇನ್ನೊಂದು ಓಣಿಯಿಂದ ಹೊರಡುತ್ತದೆ. ಒಬ್ಬರದಕ್ಕೆ ಇನ್ನೊಬ್ಬರು ಬಾಗಿಲಲ್ಲಿ ನಿಂತು ನೋಡುವವರಾಗುತ್ತಾರೆ. ಕಾನೂನು ಅಸ್ಪೃಶ್ಯತೆಯನ್ನು ಅಪರಾಧವೆಂದು ಸಾರಿ ದಶಕಗಳೇ ಸಂದಿವೆ. ಪಂಕ್ತಿಯಲ್ಲಿ ಯಾರು ಯಾವ ಕಡೆ ಕುಳಿತರೆಂಬುದನ್ನು ಮಾತ್ರ ಇಂದಿಗೂ ಕಣ್ಣುಗಳು ಗಮನಿಸುತ್ತವೆ. ಲಿಂಗಾಯತ ಸಮಾಜವು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು. ಬೇರೆಯವರು ಕೇಳಿದಾಗ ಸಿಟ್ಟಾಗುವುದರಿಂದ ಉತ್ತರ ದೊರೆಯದು.

ಜಯಂತಿಯ ಮುಂಚಿನ ದಿನಗಳಲ್ಲಿ ಊರಿನ ಹಿರಿಯರೂ ತರುಣರೂ ಗುಡಿಯ ಕಟ್ಟೆಯ ಮೇಲೆ ಕುಳಿತು ಪಟ್ಟಿ ಬರೆಯುತ್ತಾರೆ. ಯಾರದು ಎಷ್ಟು ರೂಪಾಯಿ, ಯಾರದು ಎಷ್ಟು ಚೀಲ ಗೋಧಿ, ಡೊಳ್ಳಿನವರಿಗೆಷ್ಟು, ಮಂಟಪಕ್ಕೆಷ್ಟು, ಧ್ವನಿವರ್ಧಕಕ್ಕೆಷ್ಟು ಎಂಬುದೆಲ್ಲ ಆ ಪುಸ್ತಕದಲ್ಲಿ ಇರುತ್ತದೆ. ಹುಗ್ಗಿಯ ಕೊಪ್ಪರಿಗೆಯ ಮುಂದೆ ನಿಲ್ಲುವವರ ಹೆಸರು, ಬಡಿಸುವವರ ಹೆಸರು, ಪಂಕ್ತಿ ಎದ್ದ ಮೇಲೆ ಎಲೆ ಎತ್ತಿ ನೆಲ ಸಾರಿಸುವವರ ಹೆಸರು ಆ ಪುಸ್ತಕದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಈ ಸಲದ ಪಟ್ಟಿಯಲ್ಲಿ ಅದಕ್ಕೊಂದು ಪುಟ ಬಿಟ್ಟು, ಓಣಿ ನೋಡದೆ ಹೆಸರು ಕೂಗಿ, ಮೊದಲ ಹೆಸರನ್ನು ಸಮಿತಿಯ ಅಧ್ಯಕ್ಷರದೇ ಬರೆಯಬಹುದು.